‘ಶುಗರ್ ಇತ್ತಲ್ಲ, ಅದಕ್ಕೇ’ ಅನ್ನೋ ಮಾತಿನ ಮೇಲೆ ನನ್ನ ಜಗಳ

1/10

ಫೋಟೋದಲ್ಲಿರೋದು ನಮ್ಮ ದೊಡ್ಡಮ್ಮನ ಬಲಗೈ. ಎಷ್ಟು ಎತ್ತೋಕೆ ಆಗುತ್ತೋ ಅಷ್ಟೂ ಎತ್ತಿದ್ದಾರೆ. ಹೌದು, ಅಷ್ಟೇ. ಭುಜದ ಮಟ್ಟಕ್ಕೂ ಬಂದಿಲ್ಲ. ಆಪರೇಷನ್ ಆಗಿ ಏಳು ತಿಂಗಳಾಯ್ತು. ಮುಖ ಹಾಕಬೇಡ ಅಂದ್ರು, ಹಾಕಿಲ್ಲ. ಕೈ ಹಾಕು, ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಅವರೇ ಹೇಳಿದ್ರು.

ಈ ಏಳು ತಿಂಗಳಲ್ಲಿ ಒಂದು ಮಾತನ್ನ ನಾನು ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ವಾರ್ಡಿನಲ್ಲಿ ಕೇಳಿದೆ, ಮೆಡಿಕಲ್ ಶಾಪಿನಲ್ಲಿ ಕೇಳಿದೆ, ನೋಡೋಕೆ ಬಂದ ನೆಂಟರ ಬಾಯಲ್ಲಿ ಕೇಳಿದೆ, ನಮ್ಮ ಕ್ಲಾಸಿನವರ ಬಾಯಲ್ಲೂ ಕೇಳಿದೆ. ‘ಶುಗರ್ ಇತ್ತಲ್ಲ, ಅದಕ್ಕೇ ಹಿಂಗಾಯ್ತು.’

ಗಾಯ ಒಣಗಲಿಲ್ಲ: ಶುಗರ್ ಇತ್ತಲ್ಲ. ಭುಜ ಬಿಗಿದುಕೊಂಡಿತು: ಶುಗರ್ ಇತ್ತಲ್ಲ. ಎರಡನೇ ಸಲ ಥಿಯೇಟರಿಗೆ ಕರ್ಕೊಂಡು ಹೋದ್ರು: ಏನ್ ಮಾಡೋದು, ಶುಗರ್ ಇತ್ತಲ್ಲ.

ಈ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಸುಳ್ಳಾಗಿದ್ರೆ ಹೊಡೆದು ಹಾಕೋದು ಸುಲಭ ಇತ್ತು. ಇದು ಅರ್ಧ ನಿಜ. ದೊಡ್ಡಮ್ಮನಿಗೆ ಶುಗರ್ ಬಂದಿದ್ದು ಆಪರೇಷನ್ ಆದ ಮೇಲಲ್ಲ. ಒಂಬತ್ತು ವರ್ಷದಿಂದ ಇತ್ತು. ಫೈಲಿನ ಮೊದಲ ಪುಟದಲ್ಲೇ ಬರೆದಿತ್ತು. ಮೊದಲೇ ಗೊತ್ತಿದ್ದ ವಿಷಯವನ್ನ ಆಗ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಕೆಟ್ಟ ಮೇಲೆ ಎಲ್ಲರೂ ಅದನ್ನೇ ನೆಪ ಮಾಡಿದ್ರು. ನನ್ನ ಜಗಳ ಇದರ ಮೇಲೆ.

ಉದ್ದ ಇದೆ, ಹತ್ತು ಭಾಗ. ಮನೆಯಲ್ಲಿ ಶುಗರ್ ಇರೋರು ಯಾರಾದ್ರೂ ಇದ್ರೆ ಪೂರ್ತಿ ಓದಿ. ಇಲ್ಲದೇ ಇರೋ ಮನೆ ಯಾವುದಿದೆ ಹೇಳಿ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಡಯಾಬಿಟಿಸ್ ಇದೆ.

2/10

ನಡೆದದ್ದು ಇಷ್ಟು. ತಿಪಟೂರು ಕಡೆಯ ಹಳ್ಳಿ. ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿ ಬಲಗೈ ಊರಿಕೊಂಡು ಬಿದ್ರು. ಎಕ್ಸ್-ರೇ ತೆಗೆಸಿದ್ವಿ, ಮೂಳೆ ಮುರಿದಿಲ್ಲ ಅಂದ್ರು. ಎಲ್ಲರಿಗೂ ಸಮಾಧಾನ ಆಯ್ತು. ಆದರೆ ರಾತ್ರಿ ನೋವಿಗೆ ನಿದ್ದೆ ಇಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಭುಜಕ್ಕೇ ಇಂಜೆಕ್ಷನ್ ಕೊಟ್ರು. ನಾಲ್ಕು ದಿನ ಆರಾಮ, ಮತ್ತೆ ಶುರು. ಇನ್ನೊಂದು ಕೊಟ್ರು. ಅದು ಸ್ಟೆರಾಯ್ಡ್ ಅಂತ ನಮಗೆ ಗೊತ್ತಾಗಿದ್ದು ಆಮೇಲೆ ಚೀಟಿ ನೋಡಿದಾಗ.

ಕೊನೆಗೆ ಎಂಆರ್‌ಐ ಆಯ್ತು. ಭುಜದ ಮೇಲ್ಭಾಗದ ಸ್ನಾಯುರಜ್ಜು ಹರಿದಿತ್ತು. ಡಾಕ್ಟರ್ ಸರಿಯಾಗೇ ಹೇಳಿದ್ರು: ‘ಇವತ್ತೇ ಮಾಡಬೇಕು ಅಂತೇನಿಲ್ಲ, ತುಂಬ ದಿನ ಬಿಡಲೂಬೇಡಿ.’ ಮೂರು ವಾರ ಬಿಟ್ಟು ಡೇಟ್ ಕೊಟ್ರು.

ಆ ಮೂರು ವಾರದಲ್ಲಿ ನಾವು ಏನೇನು ಮಾಡಿದ್ವಿ? ದುಡ್ಡು ಹೊಂದಿಸಿದ್ವಿ. ಹಸು ನೋಡ್ಕೊಳ್ಳೋಕೆ ಪಕ್ಕದ ಮನೆಯವರನ್ನ ಗೊತ್ತು ಮಾಡಿದ್ವಿ. ಒಳ್ಳೆ ದಿನ ಹೌದೋ ಅಲ್ಲವೋ ಪಂಚಾಂಗ ನೋಡಿಸಿದ್ವಿ. ಇಸಿಜಿ ಆಯ್ತು, ಎದೆ ಎಕ್ಸ್-ರೇ ಆಯ್ತು. ಶುಗರ್ ಎಷ್ಟಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಹಿಂದಿನ ದಿನ ಸಂಜೆ ಅಡ್ಮಿಟ್ ಮಾಡಿದಾಗ ನೋಡಿದ್ರು: 290. ಬೆಳಿಗ್ಗೆ ಖಾಲಿ ಹೊಟ್ಟೇಲಿ 246. ಇನ್ಸುಲಿನ್ ಕೊಟ್ಟು ಇಳಿಸಿದ್ರು. ‘ಏನೂ ತೊಂದರೆ ಇಲ್ಲ, ಕಂಟ್ರೋಲ್ ಮಾಡಿದೀವಿ’ ಅಂದ್ರು.

ಆಸ್ಪತ್ರೆಯ ಹೆಸರು ಹಾಕಲ್ಲ. ಕೇಳಬೇಡಿ. ಇದು ಒಂದು ಆಸ್ಪತ್ರೆಯ ಕಥೆ ಆಗಿದ್ರೆ ನಾನು ಹತ್ತು ಭಾಗ ಬರೀತಾನೇ ಇರಲಿಲ್ಲ.

ಇನ್ನೊಂದು ವಿಷಯ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆವತ್ತು ಅಲ್ಲಿ ನಾನೂ ಇದ್ದೆ. ಫಿಸಿಯೋಥೆರಪಿ ಓದ್ತಿರೋಳು. ಫೈಲ್ ತಿರುವಿ ಹಾಕಿ, ತಮ್ಮಂದಿರಿಗೆ ಭುಜದ ನಾಲ್ಕು ಸ್ನಾಯುಗಳ ಹೆಸರು ಹೇಳಿ ಜಂಬ ಪಟ್ಟಿದ್ದೆ. ಮೂರು ತಿಂಗಳ ಶುಗರ್ ಸರಾಸರಿ ಎಲ್ಲಿ ಅಂತ ನಾನೂ ಕೇಳಲಿಲ್ಲ.

3/10

ಈ ಫೋಟೋ ನಮ್ಮ ಅಡುಗೆಮನೇದು. ಒಂದರಲ್ಲಿ ಒರಳು, ಇನ್ನೊಂದರಲ್ಲಿ ಬಸಿಯ ಮೇಲೆ ನಿಂಬೆಹಣ್ಣು.

ಸೊಂಟದ ಕೀಲು ಒರಳಿನ ಥರ, ಗುಂಡು ಆಳವಾಗಿ ಕೂತಿರುತ್ತೆ. ಭುಜದ ಕೀಲು ಬಸಿಯ ಮೇಲಿಟ್ಟ ನಿಂಬೆಹಣ್ಣು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತೆ, ಅದಕ್ಕೇ ಜಾರಲೂ ಸಲೀಸು. ಅದು ಜಾರದ ಹಾಗೆ ಸುತ್ತಲೂ ಹಿಡಿದಿರೋದು ನಾಲ್ಕು ಸ್ನಾಯುಗಳ ರಜ್ಜುಗಳು. ಇದಕ್ಕೆ ರೊಟೇಟರ್ ಕಫ್ ಅಂತಾರೆ. ದೊಡ್ಡಮ್ಮನಿಗೆ ಹರಿದಿದ್ದು ಇದರಲ್ಲಿ ಮೇಲಿನದ್ದು.

ಆಪರೇಷನ್ನಿನಲ್ಲಿ ಮೂಳೆಗೆ ಪುಟ್ಟ ಆಂಕರ್ ಕೂರಿಸಿ, ದಾರದಿಂದ ರಜ್ಜನ್ನ ಅದರ ಜಾಗಕ್ಕೆ ಎಳೆದು ಕಟ್ತಾರೆ. ಇಲ್ಲೇ ನಾವು ತಪ್ಪು ತಿಳ್ಕೊಳ್ಳೋದು. ಕಟ್ಟಿದ ತಕ್ಷಣ ಸರಿಹೋಯ್ತು ಅಂದ್ಕೋತೀವಿ. ದಾರ ರಜ್ಜನ್ನ ಹಿಡಿದಿಡುತ್ತೆ, ಅಷ್ಟೇ. ಅದನ್ನ ಮೂಳೆಗೆ ಬೆಸೆಯೋ ಕೆಲಸ ದೇಹದ್ದು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಸರ್ಜನ್ ಕೆಲಸ ಒಂದೆರಡು ಗಂಟೆ, ದೇಹದ ಕೆಲಸ ಆರು ತಿಂಗಳು, ಕೆಲವರಿಗೆ ವರ್ಷ.

ಆ ಕೆಲಸಕ್ಕೆ ರಕ್ತ ಬೇಕು. ರಜ್ಜು ಮೂಳೆಗೆ ಸೇರೋ ಜಾಗದಲ್ಲಿ ಮೊದಲೇ ರಕ್ತ ಸಂಚಾರ ಕಮ್ಮಿ. ವರ್ಷಗಟ್ಟಲೆ ಏರಿದ ಶುಗರ್ ಸಣ್ಣ ರಕ್ತನಾಳಗಳನ್ನ ಇನ್ನಷ್ಟು ಹಾಳು ಮಾಡಿರುತ್ತೆ. ಜೊತೆಗೆ ಸಕ್ಕರೆ ಹೋಗಿ ಕೊಲಾಜೆನ್ ಎಳೆಗಳಿಗೆ ಅಂಟಿಕೊಳ್ಳುತ್ತೆ. ಬೆಲ್ಲದ ಪಾಕ ಬಿದ್ದ ದಾರ ಒಣಗಿದ ಮೇಲೆ ಹೆಂಗಿರುತ್ತೆ? ಹಂಗೆ ಎಳೆಗೆ ಎಳೆ ಅಂಟಿ, ರಜ್ಜು ಬಿರುಸಾಗುತ್ತೆ. ಕೊಲಾಜೆನ್ ಬದಲಾಗೋದು ಬಹಳ ನಿಧಾನ, ಅದಕ್ಕೆ ಅಂಟಿದ್ದು ಬೇಗ ಹೋಗಲ್ಲ.

ಆದ್ದರಿಂದ ಡಯಾಬಿಟಿಸ್ ಇರೋರಲ್ಲಿ ಹೊಲಿದ ರಜ್ಜು ಮತ್ತೆ ಹರಿಯೋ ಸಾಧ್ಯತೆ ಜಾಸ್ತಿ. ಇದು ಎಲ್ಲರೂ ಹೇಳೋ ಅರ್ಧ. ಯಾರೂ ಹೇಳದ ಅರ್ಧ ಇಲ್ಲಿದೆ: ಡಯಾಬಿಟಿಸ್ ಇರೋರಲ್ಲೇ ಹೋಲಿಸಿ ನೋಡಿದ್ರೆ, ಶುಗರ್ ಹತೋಟಿಯಲ್ಲಿದ್ದವರಿಗಿಂತ ಹತೋಟಿ ತಪ್ಪಿದವರಲ್ಲಿ ಹೆಚ್ಚು ಹರಿದಿರೋದು ಕಂಡುಬಂದಿದೆ. ಒಂಬತ್ತು ವರ್ಷದ ಕಾಯಿಲೆಯನ್ನ ಯಾರೂ ವಾಪಸ್ ತಗೊಳ್ಳೋಕೆ ಆಗಲ್ಲ. ಹತೋಟಿ ಮಾತ್ರ ನಮ್ಮ ಕೈಯಲ್ಲಿರೋದು.

4/10

ಈಗ ಗಾಯದ ಮಾತು.

ಕೀಹೋಲ್ ಆಪರೇಷನ್ ಆದ ಭುಜಕ್ಕೆ ಸೋಂಕು ತಗಲೋದು ಅಪರೂಪ. ಒಟ್ಟಾರೆ ನೂರಕ್ಕೆ ಒಬ್ಬರಿಗೂ ಆಗಲ್ಲ. ಹೆದರಿಸೋಕೆ ನಾನು ಬರೀತಿಲ್ಲ. ಆದರೆ ಆ ಅಪರೂಪದವರ ಸಾಲಿನಲ್ಲಿ ಶುಗರ್ ಇರೋರು ಹೆಚ್ಚು. ಕಾರಣ ಸರಳ. ಸೋಂಕು ಬಂದಾಗ ಮೊದಲು ಓಡಿ ಬರೋ ಬಿಳಿ ರಕ್ತಕಣಗಳು ಶುಗರ್ ಏರಿದಾಗ ಮಂಕಾಗ್ತವೆ. ಜಾಗಕ್ಕೆ ತಲುಪೋದು ನಿಧಾನ, ತಲುಪಿದ ಮೇಲೆ ಕೊಲ್ಲೋ ಶಕ್ತಿಯೂ ಕಮ್ಮಿ.

ಭುಜಕ್ಕೆ ಇನ್ನೊಂದು ವಿಶೇಷ ಇದೆ. ಭುಜ, ಕಂಕುಳು, ಬೆನ್ನಿನ ಮೇಲ್ಭಾಗದ ರೋಮದ ಬುಡದಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾ ಸಹಜವಾಗೇ ವಾಸ ಮಾಡುತ್ತೆ. ಮೊಡವೆಯ ಜೊತೆ ಹೆಸರು ಕೇಳಿರ್ತೀರಿ, ಅದೇ. ಒಳಗೆ ಸೇರಿಕೊಂಡರೆ ಗಲಾಟೆ ಮಾಡಲ್ಲ. ಎಷ್ಟೋ ಸಲ ಜ್ವರ ಇಲ್ಲ, ಕೀವಿಲ್ಲ, ಕೆಂಪಿಲ್ಲ. ಬರೀ ನೋವು, ಬರೀ ಬಿಗಿತ. ಲ್ಯಾಬಿನಲ್ಲೂ ಬೇಗ ಬೆಳೆಯಲ್ಲ. ಎರಡು ವಾರದವರೆಗೂ ಇಟ್ಟು ನೋಡಬೇಕಾಗುತ್ತೆ.

ದೊಡ್ಡಮ್ಮನಿಗೆ ಮೂರನೇ ವಾರದಲ್ಲಿ ಒಂದು ತೂತಿನಿಂದ ನೀರು ಜಿನುಗೋಕೆ ಶುರುವಾಯ್ತು. ಫೋನ್ ಮಾಡಿದ್ವಿ. ‘ಶುಗರ್ ಇದೆಯಲ್ಲ, ನಿಧಾನಕ್ಕೆ ಒಣಗುತ್ತೆ, ಗಾಬರಿ ಬೇಡ’ ಅಂದ್ರು. ನಾವೂ ನಂಬಿದ್ವಿ. ಯಾಕಂದ್ರೆ ಆ ಮಾತು ನಮಗೂ ಬಾಯಿಪಾಠ. ಹನ್ನೊಂದು ದಿನ ಹಾಗೇ ಕಳೆದ್ವಿ. ಹನ್ನೆರಡನೇ ದಿನ ಊತ ಬಂತು. ಮತ್ತೆ ಥಿಯೇಟರ್, ಒಳಗೆ ತೊಳೆದರು, ವಾರಗಟ್ಟಲೆ ಆ್ಯಂಟಿಬಯಾಟಿಕ್.

ಈ ಮಾತು ಎಷ್ಟು ಅಪಾಯ ಅಂತ ನನಗೆ ಅರ್ಥ ಆಗಿದ್ದು ಆಗ. ‘ಶುಗರ್ ಇದೆಯಲ್ಲ’ ಅಂದ ಕೂಡಲೇ ನೋಡೋದು ನಿಂತು ಹೋಗುತ್ತೆ. ಕಾರಣ ಸಿಕ್ಕಿತು ಅಂದ್ಮೇಲೆ ಯಾಕೆ ಹುಡುಕಬೇಕು? ಶುಗರ್ ಇರೋರ ಗಾಯ ಜಿನುಗಿದ್ರೆ ಬೇರೆಯವರಿಗಿಂತ ಬೇಗ ನೋಡಬೇಕು. ನಾವು ಮಾಡೋದು ಉಲ್ಟಾ. ಅಪಾಯ ಜಾಸ್ತಿ ಇದೆ ಅನ್ನೋದನ್ನೇ ಕಾಯೋಕೆ ಕಾರಣ ಮಾಡ್ಕೋತೀವಿ.

5/10

ಮೂರನೇದು ಬಿಗಿತ. ಇದು ನಮ್ಮ ಕ್ಲಾಸಿನವರ ಕೆಲಸದ ಜಾಗ, ಸರಿಯಾಗಿ ಓದಿ.

ಡಯಾಬಿಟಿಸ್ ಇರೋರಿಗೆ ಆಪರೇಷನ್ ಇಲ್ಲದೇನೂ ಭುಜ ಬಿಗಿದುಕೊಳ್ಳುತ್ತೆ. ಫ್ರೋಜನ್ ಶೋಲ್ಡರ್. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಜನರಿಗೆ ಬಂದ್ರೆ, ಡಯಾಬಿಟಿಸ್ ಇರೋರಲ್ಲಿ 10ರಿಂದ 20 ಜನರಿಗೆ ಬರುತ್ತೆ ಅಂತ ಪಠ್ಯಪುಸ್ತಕಗಳೇ ಹೇಳ್ತವೆ. ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಕುಗ್ಗುತ್ತೆ. ಹೆಂಗಸರು ಮೊದಲು ಹೇಳೋದು ಜಡೆ ಹಾಕೋಕೆ ಆಗ್ತಿಲ್ಲ, ರವಿಕೆ ಹಾಕೋಕೆ ಆಗ್ತಿಲ್ಲ ಅಂತ. ಗಂಡಸರು ಶರಟಿನ ತೋಳಿಗೆ ಕೈ ತೂರಿಸೋಕೆ ಆಗ್ತಿಲ್ಲ, ಹಿಂದಿನ ಜೇಬಿಗೆ ಕೈ ಹೋಗ್ತಿಲ್ಲ ಅಂತ.

ಇಂಥ ಭುಜಕ್ಕೆ ಆಪರೇಷನ್ ಮಾಡಿ, ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ತೂಗು ಹಾಕಿದ್ರೆ ಏನಾಗುತ್ತೆ? ಬಿಗಿಯುತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಕಿಲ್ಲ. ಬೇಗ ಆಡಿಸಿದ್ರೆ ಹೊಲಿಗೆಗೆ ಕಷ್ಟ, ತಡ ಮಾಡಿದ್ರೆ ಕೀಲಿಗೆ ಕಷ್ಟ. ಈ ಎರಡರ ನಡುವೆ ದಾರಿ ಹುಡುಕೋದು ಸರ್ಜನ್ನೂ ಫಿಸಿಯೋನೂ ಕೂತು ಮಾತಾಡಿ ಮಾಡಬೇಕಾದ ಕೆಲಸ. ದೊಡ್ಡಮ್ಮನ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ‘ಫಿಸಿಯೋಥೆರಪಿ ಮಾಡಿಸಿ.’ ಯಾವಾಗಿಂದ, ಎಷ್ಟು, ಯಾವ ದಿಕ್ಕಿಗೆ, ಏನು ಮಾಡಬಾರದು, ಒಂದೂ ಇಲ್ಲ.

ಸೋಂಕು ಬಂದ ಮೇಲೆ ಇದ್ದ ವ್ಯಾಯಾಮವೂ ನಿಂತಿತು. ಮತ್ತೆ ಶುರು ಮಾಡುವಾಗ ಭುಜ ಕಲ್ಲಾಗಿತ್ತು.

ಎರಡನೇ ಫೋಟೋ ನೋಡಿ. ದೊಡ್ಡಮ್ಮ ನಮಸ್ಕಾರ ಮಾಡ್ತಿದ್ದಾರೆ. ಅಂಗೈ ನಡುವೆ ಸಂದಿ ಕಾಣುತ್ತಾ? ಬೆರಳು ಪೂರ್ತಿ ಕೂಡ್ತಿಲ್ಲ. ಹಳೇ ಡಯಾಬಿಟಿಸ್‌ನಿಂದ ಕೈಯ ಚರ್ಮ, ಕೀಲು ಬಿಗಿದಿರೋದರ ಗುರುತು ಇದು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ಆಸ್ಪತ್ರೆಗೆ ಹೋದಾಗೆಲ್ಲ ದೊಡ್ಡಮ್ಮ ಎದುರಿಗೆ ಬಂದವರಿಗೆಲ್ಲ ಕೈ ಮುಗಿದಿದ್ದಾರೆ. ಯಾರೂ ಆ ಕೈ ನೋಡಲಿಲ್ಲ.

6/10

ಈಗ ಅಂಕಿಗಳು. ಈ ಭಾಗ ಸೇವ್ ಮಾಡಿಟ್ಕೊಳ್ಳಿ.

ಬೆರಳು ಚುಚ್ಚಿ ನೋಡೋ ಶುಗರ್ ಆ ಕ್ಷಣದ್ದು. ಪರೀಕ್ಷೆಗೆ ಎರಡು ದಿನ ಮುಂಚೆ ಸಿಹಿ ಬಿಟ್ಟು, ಅನ್ನ ಕಮ್ಮಿ ಮಾಡಿ, ‘ನಾರ್ಮಲ್ ಬಂತು’ ಅಂತ ಖುಷಿ ಪಡೋರು ನಮ್ಮ ಮನೇಲೂ ಇದ್ದಾರೆ. ಎಚ್‌ಬಿಎ1ಸಿ ಹತ್ರ ಆ ಆಟ ನಡೆಯಲ್ಲ. ಕೆಂಪು ರಕ್ತಕಣ ಬದುಕೋದು ಸುಮಾರು 120 ದಿನ. ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಅಂತ ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತೆ. 6.5 ಮುಟ್ಟಿದ್ರೆ ಡಯಾಬಿಟಿಸ್. 5.7ರಿಂದ 6.4 ಅಂದ್ರೆ ಅದರ ಹೊಸಿಲಲ್ಲಿ ನಿಂತಿದ್ದೀರಿ.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಸಲಹೆ: ತುರ್ತಲ್ಲದ ಆಪರೇಷನ್ ಆದ್ರೆ, ಸಾಧ್ಯವಾದಷ್ಟೂ ಎಚ್‌ಬಿಎ1ಸಿ 8ಕ್ಕಿಂತ ಕೆಳಗಿರಲಿ. ಆಪರೇಷನ್ನಿನ ಹಿಂದೆ ಮುಂದೆ ಶುಗರ್ 100ರಿಂದ 180ರ ಒಳಗಿರಲಿ. ಡಬ್ಲ್ಯುಎಚ್‌ಒ 2016ರಲ್ಲಿ ಕೊಟ್ಟ ಶಸ್ತ್ರಚಿಕಿತ್ಸೆಯ ಸೋಂಕು ತಡೆಯೋ ಮಾರ್ಗಸೂಚಿಯಲ್ಲೂ ಶುಗರ್ ನಿಯಂತ್ರಣದ ಮಾತಿದೆ. ಅದೂ ಡಯಾಬಿಟಿಸ್ ಇರೋರಿಗೆ ಮಾತ್ರ ಅಲ್ಲ, ಇಲ್ಲದವರಿಗೂ. ಯಾಕಂದ್ರೆ ಆಪರೇಷನ್ ಅನ್ನೋದೇ ದೇಹಕ್ಕೆ ಒಂದು ಆಘಾತ. ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತೆ, ಜೊತೆಗೆ ಶುಗರ್ರೂ ಏರುತ್ತೆ. ‘ಏನೂ ತಿಂದಿಲ್ಲ, ಆದ್ರೂ ಯಾಕೆ 220?’ ಅಂತ ವಾರ್ಡಿನಲ್ಲಿ ಕೇಳೋರಿಗೆ ಉತ್ತರ ಇದು.

ಭುಜಕ್ಕೆ ಕೊಡೋ ಸ್ಟೆರಾಯ್ಡ್ ಇಂಜೆಕ್ಷನ್ ಕೂಡ ಕೆಲವು ದಿನ ಶುಗರ್ ಏರಿಸುತ್ತೆ. ಆಪರೇಷನ್ನಿಗೆ ತೀರಾ ಹತ್ತಿರದಲ್ಲಿ ಕೊಟ್ಟರೆ ಸೋಂಕಿನ ಅಪಾಯವೂ ಜಾಸ್ತಿ. ಹಾಗಾಗಿ ಇಂಜೆಕ್ಷನ್ ಆಗಿದ್ರೆ ಸರ್ಜನ್ನಿಗೆ ತಾರೀಖು ಸಮೇತ ಹೇಳಿ. ನಾವು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಮಾತ್ರೆಗಳ ಹೆಸರೂ ಹೇಳಿ. ‘ಫ್ಲೋಜಿನ್’ ಅಂತ ಕೊನೆಯಾಗೋ ಮಾತ್ರೆಗಳನ್ನ ಆಪರೇಷನ್ನಿಗೆ ಮೂರು ನಾಲ್ಕು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತೆ. ಇಲ್ಲದಿದ್ರೆ ಶುಗರ್ ಹೆಚ್ಚಿಲ್ಲದಿದ್ರೂ ರಕ್ತ ಆಮ್ಲೀಯವಾಗೋ ಅಪಾಯ ಇದೆ. ನೀವೇ ನಿಲ್ಲಿಸಬೇಡಿ. ಡಾಕ್ಟರನ್ನ ಕೇಳಿ ನಿಲ್ಲಿಸಿ.

ದೊಡ್ಡಮ್ಮನ ಎಚ್‌ಬಿಎ1ಸಿ ಮೊದಲ ಸಲ ಮಾಡಿಸಿದ್ದು ಎರಡನೇ ಸಲ ಗಾಯ ತೊಳೆದ ಮೇಲೆ. 10.4. ಸರಾಸರಿ ಶುಗರ್ 250ರ ಹತ್ತಿರ. ಹಿಂದಿನ ಮೂರು ತಿಂಗಳ ಲೆಕ್ಕ ಅದು. ಆಪರೇಷನ್ ದಿನವೂ ಅದರೊಳಗೇ ಇತ್ತು.

7/10

‘ಅವರೇ ಸರಿಯಾಗಿ ಮಾತ್ರೆ ನುಂಗ್ತಿರಲಿಲ್ಲ ಅಂದ್ಮೇಲೆ ಯಾರು ಏನ್ ಮಾಡೋಕಾಗುತ್ತೆ?’

ಇದು ನಮ್ಮ ಮಾವ ಹೇಳಿದ್ದು. ಮಾವನ ಮೇಲೆ ಕೋಪ ಇಲ್ಲ. ಇದನ್ನ ಬಿಳಿ ಕೋಟು ಹಾಕಿದವರೂ ಹೇಳ್ತಾರೆ, ಸ್ವಲ್ಪ ನಾಜೂಕಾಗಿ.

ದೊಡ್ಡಮ್ಮನ ದಿನ ಹೇಳ್ತೀನಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೀಬೇಕು. ಆಮೇಲೆ ಎಲ್ಲರಿಗೂ ತಿಂಡಿ. ತಮ್ಮ ತಿಂಡಿ ಹನ್ನೊಂದಕ್ಕೆ. ಊಟಕ್ಕೆ ಮುಂಚೆ ನುಂಗಿ ಅಂತ ಕೊಟ್ಟ ಮಾತ್ರೆ, ಊಟದ ಹೊತ್ತೇ ಗೊತ್ತಿಲ್ಲದ ಹೆಂಗಸಿಗೆ. ಒಂದು ದಿನ ಮಾತ್ರೆ ನುಂಗಿ ಊಟ ತಡವಾಗಿ ತಲೆ ಸುತ್ತಿ ಬಿದ್ದಿದ್ರು. ಅವತ್ತಿಂದ ಮಾತ್ರೆ ಅಂದ್ರೆ ಭಯ. ಆ ಭಯವನ್ನ ಯಾರಾದ್ರೂ ಕೇಳಿದ್ರಾ? ‘ಸರಿಯಾಗಿ ತಗೋತಿದೀರಾ?’ ಅಂತ ಕೇಳಿದ್ರು. ‘ಹ್ಞೂಂ’ ಅಂದ್ರು. ಮುಗೀತು.

ರಾಗಿಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತ ಊರೆಲ್ಲ ಹೇಳುತ್ತೆ. ರಾಗಿ ಒಳ್ಳೇದೇ. ಆದ್ರೆ ಅದರಲ್ಲೂ ಪಿಷ್ಟ ಇದೆ, ಎರಡು ದೊಡ್ಡ ಮುದ್ದೆ ಅಂದ್ರೆ ಎರಡು ದೊಡ್ಡ ಮುದ್ದೆಯೇ. ಇದನ್ನ ಅವರಿಗೆ ಅವರ ತಟ್ಟೆ ತೋರಿಸಿ ಹೇಳಿದವರು ಯಾರೂ ಇಲ್ಲ. ‘ಡಯಟ್ ಮಾಡಿ’ ಅಂದ್ರು. ಡಯಟ್ ಅಂದ್ರೆ ದೊಡ್ಡಮ್ಮನಿಗೆ ಉಪವಾಸ.

ಆಪರೇಷನ್ ಆದ ಮೇಲೆ ನೋಡೋಕೆ ಬಂದವರು ತಂದಿದ್ದೇನು? ಬ್ರೆಡ್ಡು, ಗ್ಲೂಕೋಸ್ ಬಿಸ್ಕತ್ತು, ದಾಳಿಂಬೆ ಜ್ಯೂಸು. ‘ರಕ್ತ ಬರ್ಲಿ, ತಿನ್ನಿ.’ ನಾವು ಪ್ರೀತಿಯಿಂದಲೇ ತಿನ್ನಿಸಿದ್ವಿ.

ತಪ್ಪೆಲ್ಲ ಬೇರೆಯವರದ್ದು, ದೊಡ್ಡಮ್ಮನದ್ದು ಏನೂ ಇಲ್ಲ ಅಂತ ನಾನು ಹೇಳಲ್ಲ. ಅವರದ್ದೂ ಪಾಲಿದೆ, ಅವರೇ ಒಪ್ಕೋತಾರೆ. ಆದರೆ ಇಷ್ಟು ಜನ ಸೇರಿ ಮಾಡಿದ ಎಡವಟ್ಟನ್ನ ‘ಶುಗರ್ ಇತ್ತಲ್ಲ’ ಅಂದ ಕೂಡಲೇ ಒಬ್ಬರ ತಲೆಗೆ ಕಟ್ಟಿದ ಹಾಗೆ. ಅದೂ ಆ ಗುಂಪಿನಲ್ಲಿ ಓದು ಬರಹ ಎಲ್ಲರಿಗಿಂತ ಕಮ್ಮಿ ಇರೋರ ತಲೆಗೆ.

8/10

ಇದನ್ನೆಲ್ಲ ಹಾಸ್ಟೆಲ್ಲಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ಸರಿಯಾದ ಪ್ರಶ್ನೆ ಕೇಳಿದ. ‘ಶುಗರ್ ಇಳಿಯೋವರೆಗೂ ಕಾಯ್ತಾ ಕೂತ್ರೆ ರಜ್ಜು ಹಿಂದಕ್ಕೆ ಎಳ್ಕೊಂಡು ಹೋಗುತ್ತೆ, ಸ್ನಾಯು ಸೊರಗುತ್ತೆ. ಆಮೇಲೆ ಹೊಲಿಯೋಕೂ ಬರಲ್ಲ. ಆಗ ಏನ್ ಹೇಳ್ತೀಯ?’

ಅವನು ಹೇಳಿದ್ದು ನಿಜ. ಬಿದ್ದು ತಕ್ಷಣ ಹರಿದ ರಜ್ಜು, ಮುರಿದ ಮೂಳೆ, ಕೀಲೊಳಗೆ ಕೀವು, ಇವೆಲ್ಲ ತಿಂಗಳುಗಟ್ಟಲೆ ಕಾಯೋ ಕೇಸುಗಳಲ್ಲ. ಕಾಯಿರಿ ಅಂತ ನಾನು ಹೇಳ್ತಾನೂ ಇಲ್ಲ. ಡೇಟ್ ಕೊಟ್ಟ ದಿನಕ್ಕೂ ಆಪರೇಷನ್ ದಿನಕ್ಕೂ ನಡುವೆ ಎಷ್ಟು ದಿನ ಇದೆಯೋ ಅಷ್ಟನ್ನ ಬಳಸಿ ಅಂತ ಹೇಳ್ತಿದೀನಿ. ಮೂರು ವಾರದಲ್ಲಿ ಎಚ್‌ಬಿಎ1ಸಿ ಪೂರ್ತಿ ಇಳಿಯಲ್ಲ, ಅದು ಹಿಂದಿನ ತಿಂಗಳುಗಳ ಲೆಕ್ಕ. ಆದರೆ ದಿನದ ಶುಗರನ್ನ 290ರಿಂದ 180ರ ಕೆಳಗೆ ತರೋಕೆ ಮೂರು ವಾರ ದೊಡ್ಡ ಅವಕಾಶ. ನಮಗೆ ಕಾಯೋ ತೊಂದರೆಯೇ ಇರಲಿಲ್ಲ. ಕಾದಿದ್ವಿ. ಸುಮ್ಮನೆ ಕಾದಿದ್ವಿ.

ಅವನೇ ಇನ್ನೊಂದು ಕೇಳಿದ: ‘ನಂಬರ್ ಹಿಡ್ಕೊಂಡು ಕೂತ್ರೆ ಬಡವರಿಗೆ ಆಪರೇಷನ್ನೇ ಸಿಗಲ್ಲ. ಎಂಟರ ಮೇಲಿದೆ, ಹೋಗಿ ಬನ್ನಿ ಅಂತಾರೆ.’

ಇದು ಇನ್ನೂ ಒಳ್ಳೆ ಮಾತು. ನಂಬರ್ ಅನ್ನೋದು ಗೇಟಿಗೆ ಹಾಕಿದ ಬೀಗ ಆಗಬಾರದು. ಎಂಟು ಅನ್ನೋದು ದೇವರು ಬರೆದ ಗೆರೆಯೂ ಅಲ್ಲ. 7.9 ಇರೋರಿಗೆ ಏನೂ ಆಗಲ್ಲ, 8.1 ಇರೋರಿಗೆ ಎಲ್ಲ ಕೆಡುತ್ತೆ ಅಂತಿಲ್ಲ. ರಕ್ತಹೀನತೆ ಇದ್ರೆ ಆ ನಂಬರೇ ಏರುಪೇರು ತೋರಿಸಬಹುದು. ನಮ್ಮ ಹಳ್ಳಿ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ಪೋಸ್ಟಿಂಗಿಗೆ ಹೋದ ಎಲ್ಲರಿಗೂ ಗೊತ್ತು. ಅದಕ್ಕೆ ನಂಬರ್ ಜೊತೆ ಮನುಷ್ಯರನ್ನೂ ನೋಡಬೇಕು.

‘ಹೋಗಿ ಇಳಿಸ್ಕೊಂಡು ಬನ್ನಿ’ ಅನ್ನೋದೂ ‘ಶುಗರ್ ಇತ್ತಲ್ಲ’ ಅನ್ನೋದೂ ಅಣ್ಣ ತಮ್ಮ ಇದ್ದ ಹಾಗೆ. ಎರಡೂ ಕೈ ತೊಳ್ಕೊಳ್ಳೋ ಮಾತು. ಹೇಗೆ ಇಳಿಸೋದು, ಯಾರ ಹತ್ರ ಹೋಗೋದು, ಯಾವಾಗ ವಾಪಸ್ ಬರೋದು ಅಂತ ಹೇಳಿ ಕಳಿಸಿದ್ರೆ ಅದು ವೈದ್ಯಕೀಯ.

9/10

ಕ್ಲಾಸ್‌ಮೇಟ್ಸ್, ಈಗ ನಮ್ಮ ಸರದಿ. ಬೇಜಾರಾದ್ರೂ ಪರವಾಗಿಲ್ಲ.

ಕೇಸ್ ಹಿಸ್ಟರಿ ಬರೆಯುವಾಗ ನಾವು ಏನ್ ಮಾಡ್ತೀವಿ? ‘ಡಯಾಬಿಟಿಸ್: ಇದೆ’ ಅಂತ ಒಂದು ಟಿಕ್. ಮುಂದಿನ ಕಾಲಂ. ಎಷ್ಟು ವರ್ಷದಿಂದ, ಕೊನೇ ಎಚ್‌ಬಿಎ1ಸಿ ಯಾವಾಗ, ಇನ್ಸುಲಿನ್ನೋ ಮಾತ್ರೆಯೋ, ಹಿಂದೆ ಇನ್ನೊಂದು ಭುಜ ಬಿಗಿದಿತ್ತಾ, ಕೈ ಮುಗಿದು ತೋರಿಸಿ ನೋಡೋಣ, ಇಷ್ಟು ಕೇಳೋಕೆ ಎರಡು ನಿಮಿಷ ಸಾಕು. ವೈವಾದಲ್ಲಿ ಮಾರ್ಕ್ಸ್ ಬರಲ್ಲ ಅಂತ ಕೇಳಲ್ಲ.

ಜೋಳಿಗೆ ಹಾಕಿದ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸೋದನ್ನ ಕಲಿಸಬೇಕು. ಭುಜವನ್ನ ಯಾವಾಗ, ಎಷ್ಟು ಅನ್ನೋದನ್ನ ಸರ್ಜನ್ನಿಂದ ಬರೆಸಿಕೊಳ್ಳಬೇಕು. ‘ಸರ್ ಬ್ಯುಸಿ ಇದ್ರು’ ಅಂತ ನಾವೇ ಊಹೆ ಮಾಡಿ ಎಳೆದಾಡೋದು ಅಪರಾಧ. ಹೆದರಿ ಆರು ವಾರ ಮುಟ್ಟದೇ ಬಿಡೋದೂ ಅಷ್ಟೇ ತಪ್ಪು.

ವ್ಯಾಯಾಮಕ್ಕೆ ಮುಂಚೆ ಊಟ ಆಯ್ತಾ, ಮಾತ್ರೆ ಆಯ್ತಾ ಅಂತ ಕೇಳಿ. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಬಂದವರು ನಮ್ಮ ಮ್ಯಾಟಿನ ಮೇಲೇ ಬೆವತು, ನಡುಗಿ, ಕಣ್ಣು ಕತ್ತಲೆ ಬಂದು ಬೀಳಬಹುದು. ಡಿಪಾರ್ಟ್‌ಮೆಂಟಿನಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನಿಮಗೆ ಗೊತ್ತಾ? ನಾಳೆ ಹೋಗಿ ಹುಡುಕಿ.

ಎಲ್ಲಕ್ಕಿಂತ ದೊಡ್ಡದು: ಪೇಷೆಂಟನ್ನ ವಾರಕ್ಕೆ ಮೂರು ನಾಲ್ಕು ಸಲ ನೋಡೋದು ನಾವು. ಸರ್ಜನ್ ನೋಡೋದು ಎರಡು ವಾರಕ್ಕೋ ತಿಂಗಳಿಗೋ ಒಂದ್ಸಲ. ಗಾಯ ಜಿನುಗೋದು, ನೋವು ಇಳಿಯೋ ಬದಲು ಏರೋದು, ಇದ್ದ ಚಲನೆ ಕಮ್ಮಿ ಆಗೋದು ಮೊದಲು ಕಾಣೋದು ನಮ್ಮ ಕಣ್ಣಿಗೆ. ಹಳೇ ಡಯಾಬಿಟಿಸ್‌ನಲ್ಲಿ ನರಗಳು ಸೊರಗಿ ಕೆಲವರಿಗೆ ನೋವೇ ಸರಿಯಾಗಿ ಗೊತ್ತಾಗಲ್ಲ. ನೋವಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ. ಅಂಥ ದಿನ ‘ಶುಗರ್ ಇದೆಯಲ್ಲ’ ಅನ್ನದೇ ಫೋನ್ ಎತ್ತಿ. ಬೈಸ್ಕೊಂಡ್ರೂ ಪರವಾಗಿಲ್ಲ. ಹನ್ನೊಂದು ದಿನ ಉಳಿಯುತ್ತೆ.

10/10

ಕೊನೇದು. ಮನೇಲಿ ಯಾರಿಗಾದ್ರೂ ಶುಗರ್ ಇದ್ದು ಭುಜದ ಆಪರೇಷನ್ ಅಂತ ಡೇಟ್ ಕೊಟ್ರೆ, ಇಷ್ಟನ್ನ ಚೀಟಿಯಲ್ಲಿ ಬರ್ಕೊಂಡು ಹೋಗಿ ಕೇಳಿ. ಬಾಯಲ್ಲಿ ಕೇಳೋಕೆ ಹೋದ್ರೆ ಅಲ್ಲಿ ಎಲ್ಲ ಮರೆತು ಹೋಗುತ್ತೆ.

ಒಂದು, ಎಚ್‌ಬಿಎ1ಸಿ ಎಷ್ಟಿದೆ? ಮಾಡಿಸಿಲ್ಲ ಅಂದ್ರೆ ಇವತ್ತೇ ಬರೆದುಕೊಡ್ತೀರಾ?

ಎರಡು, ಈ ಆಪರೇಷನ್ ಎಷ್ಟು ದಿನ ಕಾಯಬಹುದು? ಅಷ್ಟರೊಳಗೆ ಶುಗರ್ ಇಳಿಸೋಕೆ ಯಾವ ಡಾಕ್ಟರನ್ನ ನೋಡಬೇಕು?

ಮೂರು, ಯಾವ ಮಾತ್ರೆ ಯಾವ ದಿನ ನಿಲ್ಲಿಸಬೇಕು, ಯಾವ ದಿನ ಮತ್ತೆ ಶುರು ಮಾಡಬೇಕು?

ನಾಲ್ಕು, ಭುಜಕ್ಕೆ ಇಂಥ ತಾರೀಖು ಇಂಜೆಕ್ಷನ್ ಆಗಿದೆ. ಪರವಾಗಿಲ್ವಾ?

ಐದು, ಫಿಸಿಯೋಥೆರಪಿ ಯಾವ ದಿನದಿಂದ? ಏನು ಮಾಡಬೇಕು, ಏನು ಮಾಡಬಾರದು ಅಂತ ಬರೆದು ಕೊಡ್ತೀರಾ?

ಆರು, ಗಾಯ ಜಿನುಗಿದ್ರೆ, ಜ್ವರ ಬಂದ್ರೆ, ನೋವು ಏರಿದ್ರೆ ಯಾರಿಗೆ ಫೋನ್ ಮಾಡಬೇಕು? ಎಷ್ಟು ಹೊತ್ತಿನೊಳಗೆ ನೋಡ್ತೀರಾ?

ಕೇಳಿದ್ರೆ ಡಾಕ್ಟರಿಗೆ ಕೋಪ ಬರುತ್ತೆ ಅಂತ ಹೆದರಬೇಡಿ. ಒಳ್ಳೆ ಡಾಕ್ಟರಿಗೆ ಖುಷಿ ಆಗುತ್ತೆ. ಅಂಥವರನ್ನ ನಾನು ನೋಡಿದೀನಿ. ಶುಗರ್ ಇದ್ದೂ ಭುಜದ ಆಪರೇಷನ್ ಚೆನ್ನಾಗಿ ಆಗಿ, ಕೈ ಪೂರ್ತಿ ಮೇಲೆತ್ತೋರು ಎಷ್ಟೋ ಜನ ಇದ್ದಾರೆ. ಹಾಗಾಗಿ ಶುಗರ್ ಅಂತ ಹೆದರಿ ಆಪರೇಷನ್ನೇ ಬೇಡ ಅನ್ನೋಕೆ ಇದನ್ನ ಬಳಸಬೇಡಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್ ಪರೀಕ್ಷೆ ಮಾಡ್ತಾರೆ. ಅಪ್ಪ ಅಮ್ಮನನ್ನ ಈ ವಾರವೇ ಕರ್ಕೊಂಡು ಹೋಗಿ.

ದೊಡ್ಡಮ್ಮನ ಎಚ್‌ಬಿಎ1ಸಿ ಈಗ 7.2. ಮಾತ್ರೆಯ ಹೊತ್ತನ್ನ ಅವರ ಊಟದ ಹೊತ್ತಿಗೆ ಹೊಂದಿಸಿಕೊಟ್ಟ ಒಬ್ಬ ಡಾಕ್ಟರ್ ಸಿಕ್ಕಿದ್ರು, ಅಷ್ಟೇ ವ್ಯತ್ಯಾಸ. ಅಂದ್ರೆ ಇದು ಆಗುವ ಕೆಲಸವೇ ಆಗಿತ್ತು. ಏಳು ತಿಂಗಳ ಹಿಂದೆಯೂ.

ಮೊನ್ನೆ ಊರಿಗೆ ಹೋದಾಗ ಎಡಗೈಯಲ್ಲಿ ಮುದ್ದೆ ತಿರುವ್ತಿದ್ರು. ಬಲಗೈ ಪಾತ್ರೆ ಹಿಡಿಯೋಕೆ ಅಷ್ಟೇ. ನನ್ನ ನೋಡಿ, ‘ಏನ್ ಮಾಡೋದವ್ವಾ, ಶುಗರ್ ಇತ್ತಲ್ಲ ನಂಗೆ’ ಅಂದ್ರು.

ಅವರೂ ಅದನ್ನೇ ನಂಬಿಬಿಟ್ಟಿದ್ದಾರೆ. ‘ಇಲ್ಲ ದೊಡ್ಡಮ್ಮ, ನಾವು ನೋಡಲಿಲ್ಲ’ ಅಂದೆ. ಅದನ್ನೇ ಇಲ್ಲೂ ಬರೆದೆ.

#ಶುಗರ್‌ಇತ್ತಲ್ಲಅನ್ನಬೇಡಿ #ಭುಜ #ಡಯಾಬಿಟಿಸ್ #ಫಿಸಿಯೋಥೆರಪಿ #ಕನ್ನಡದಲ್ಲಿಆರೋಗ್ಯ